ಕಾಡೆಮ್ಮೆ ಹೇಳಿದ ಕಟ್ಟಳೆ

"ದೊರೆಯ ಅಪ್ಪಣೆಯಾಗಿದೆ, ಕೂಡಿಟ್ಟ ಕಾಳೆಲ್ಲ ತಪಾಸಣೆಗೆ ಬೇಕು" ಎಂದು ಹೆದರಿಸಿ, ನರಿಯೊಂದು ಮುದಿ ಅಳಿಲಿನ ಪೊಟರೆಯನ್ನು ಬರಿದು ಮಾಡಿಕೊಂಡು ಹೋಯಿತು. ಸಭೆ ಸೇರಿದ ಪ್ರಾಣಿಗಳು ಅಳಿಲಜ್ಜಿಯನ್ನೇ ಗದರಿದವು. "ಇಷ್ಟು ವಯಸ್ಸಾಗಿದೆ, ಅಷ್ಟೂ ತಿಳಿಯಲಿಲ್ಲವೇ?"

ಕಾಡೆಮ್ಮೆ ಮಾತ್ರ ಮೆಲುಕು ಹಾಕುವುದನ್ನು ನಿಲ್ಲಿಸಿ ಕೇಳಿತು. "ಅಜ್ಜಿ, ಅವನು ಹೇಳಿದ್ದನ್ನು ಹೇಳಿದ ಹಾಗೇ ಹೇಳಿ. ನನಗೆ ಕುತೂಹಲ."

"ಈಗಲೇ ಕೊಡು, ಯಾರಿಗೂ ಹೇಳಬೇಡ ಅಂದ, ತಾಯಿ."

"ಈಗಲೇ ಯಾಕೆ? ನಾಲ್ಕು ಜನಕ್ಕೆ ತಿಳಿದರೆ ದೊರೆಗೇನು ನಷ್ಟ?"

ಸಭೆ ಅಳಿಲಜ್ಜಿಯನ್ನು ಬಿಟ್ಟು ಕಾಡೆಮ್ಮೆಯತ್ತ ತಿರುಗಿತು.

"ನಾನಂತೂ ನುಂಗಿದ್ದನ್ನೂ ಮತ್ತೆ ಬಾಯಿಗೆ ತಂದು ಅಗಿದ ಮೇಲೆಯೇ ಅರಗಿಸಿಕೊಳ್ಳುವುದು" ಎಂದಿತು ಕಾಡೆಮ್ಮೆ. "ಕಾಡಿಗೂ ಅಂಥದೊಂದು ಕಟ್ಟಳೆ ಇರಲಿ. ಮುದಿಯರ ಕಾಳನ್ನು ಯಾರೇ ಕೇಳಲಿ, ಅದು ಕಾಗೆಗಳು ಮಲಗುವ ಆಲದ ಬುಡದಲ್ಲಿ ಒಂದು ರಾತ್ರಿ ಇರಬೇಕು. ಬೆಳಿಗ್ಗೆ ಕಾಗೆ ಒಯ್ಯುವವನ ಹೆಸರು ಕೂಗಬೇಕು. ಆಮೇಲೆ ಒಯ್ಯಲಿ."

ಸಭೆ ಒಪ್ಪಿತು.

ಮಳೆಗಾಲ ಕಳೆದ ಮೇಲೆ ಅದೇ ನರಿ ಇಲಿಯಜ್ಜನ ಬಿಲಕ್ಕೆ ಬಂತು. "ದೊರೆಯ ಅಪ್ಪಣೆ. ಈಗಲೇ ಕೊಡು, ಯಾರಿಗೂ ಹೇಳಬೇಡ."

ಇಲಿಯಜ್ಜ ಕಾಳೆಲ್ಲ ಹೊತ್ತು ತಂದು ಆಲದ ಬುಡದಲ್ಲಿಟ್ಟಿತು. "ಕಟ್ಟಳೆ, ಸ್ವಾಮಿ. ಬೆಳಿಗ್ಗೆ ಕಾಗೆ ತಮ್ಮ ಹೆಸರು ಕೂಗುತ್ತದೆ, ಆಮೇಲೆ ಒಯ್ಯಿರಿ."

ನರಿ ಒಮ್ಮೆ ಕೊಂಬೆಗಳತ್ತ ನೋಡಿತು. ಬಂದ ದಾರಿ ಹಿಡಿಯಿತು.

"ಸ್ವಾಮಿ, ನಿಲ್ಲಿ, ದೊರೆಗೆ ಸಿಟ್ಟು ಬಂದೀತು" ಎಂದು ಇಲಿಯಜ್ಜ ಅದರ ಹಿಂದೆಯೇ ಓಡಿತು.

ಇಲಿಯಜ್ಜ ನರಿಯನ್ನು ಪೂರಾ ನಂಬಿತ್ತು. ಕಟ್ಟಳೆ ಮಾತ್ರ ನರಿಯನ್ನು ನಂಬಿರಲಿಲ್ಲ.