ದಿಡ್ಡಿ ಬಾಗಿಲಿನ ನಿಯಮ

“ಅಜ್ಜಿ, ಹಳೆಯ ಆಟವನ್ನು ಈಗಿನ ಕಾಲಕ್ಕೆ ತರುವಾಗ ಯಾವ ನಿಯಮ ಬದಲಿಸಬೇಕು, ಯಾವುದನ್ನು ಹಾಗೆಯೇ ಬಿಡಬೇಕು?” ಎಂದು ಮೊಮ್ಮಗಳು ಅನಘಾ ಕೇಳಿದಳು.

ಅವಳು ಕೇಳಿದ್ದು ಕೋಟೆಯಾಟದ ವಿಷಯ. ಅದನ್ನು ಅವಳಿಗೆ ಕಲಿಸಿದವಳು ನಾನು. ಹೀಗಾಗಿ ಆಟದ ಮಟ್ಟಿಗೆ ನಾನು ಗುರು, ಅವಳು ಶಿಷ್ಯೆ. ಹಳೆಯ ನಿಯಮ ಹೊಡೆದುಹಾಕಿ ಹೊಸದು ಬರೆಯುತ್ತ ಬಂದವಳು ಒಂದು ಕಡೆ ತಡೆದು ನಿಂತಿದ್ದಳು. ಎಲ್ಲಿ ಎಂದೆ. ಆಳುಗಳು ಬರುವ ಬಾಗಿಲಿನ ಹತ್ತಿರ, ಅದಕ್ಕೆ ನೀನೊಂದು ಹೆಸರು ಹೇಳಿದ್ದೆ ಎಂದಳು. ದಿಂಡಿ ಎಂದುಬಿಟ್ಟೆ. ಹೇಳಿದ ಮೇಲೆ ಅದಲ್ಲ ಎನ್ನಿಸಿತು. ದಿಂಡಿ ಎನ್ನುವುದು ನಾವೀಗ ಇರುವ ಈ ನಾಗಪುರದವರ ಮರಾಠಿ ಮಾತು. ನಮ್ಮ ಕಡೆಯದೂ ಅದರ ಹತ್ತಿರಕ್ಕೇ ಇತ್ತು. ಆಮೇಲೆ ನೆನಪಾಯಿತು. ದಿಡ್ಡಿ. ಹೆಬ್ಬಾಗಿಲು ಬಿಟ್ಟು ಆಚೆಗೆ, ಗೋಡೆಯಲ್ಲಿ, ತಲೆ ತಗ್ಗಿಸಿ ನುಗ್ಗಬೇಕಾದ ಸಣ್ಣ ಬಾಗಿಲು.

ಅವಳ ಪ್ರಶ್ನೆಗೆ ಈ ಕತೆ ಹೇಳಿದೆ.

ಒಂದು ಪಟ್ಟಣದಲ್ಲಿ ಒಬ್ಬ ಮೇಷ್ಟ್ರು ಇದ್ದರು. ಅವರು ಒಂದು ಎತ್ತರದ ಅಪಾರ್ಟ್‌ಮೆಂಟಿನಲ್ಲಿ ವಾಸವಾಗಿದ್ದರು. ಭಾನುವಾರ ಮಧ್ಯಾಹ್ನ ಅಲ್ಲಿನ ಕೆಲವರನ್ನು ಕೂಡಿಸಿಕೊಂಡು ನಿವಾಸಿಗಳ ಸಂಘದ ಕೋಣೆಯಲ್ಲಿ ಕೋಟೆಯಾಟ ಆಡಿಸುತ್ತಿದ್ದರು. ಆಟ ಸರಳ. ಒಬ್ಬರು ರಾಜ, ಒಬ್ಬರು ದಳಪತಿ, ಒಬ್ಬರು ವರ್ತಕ, ಒಬ್ಬರು ಆಳು. ಮೇಷ್ಟ್ರು ಕತೆ ಹೇಳುತ್ತಾರೆ. ಕೋಟೆಗೆ ಮುತ್ತಿಗೆ ಬಿತ್ತು, ಈಗೇನು ಮಾಡುತ್ತೀರಿ ಎಂದು ಕೇಳುತ್ತಾರೆ. ಏನು ಮಾಡುವುದೆಂದು ಅವರವರೇ ಹೇಳಬೇಕು. ಹೇಳಿದ್ದು ಆಯಿತೋ ಇಲ್ಲವೋ ಎನ್ನುವುದನ್ನು ಕವಡೆ ತೀರ್ಮಾನಿಸುತ್ತದೆ.

ಕುದುರೆ ಹತ್ತದವರಿಗೆ ಕುದುರೆಯ ಆಟ ಯಾಕೆ ಎಂದು ಆಡುವವರು ಗೊಣಗಿದರು. ಮೇಷ್ಟ್ರು ಒಪ್ಪಿದರು. ಆಟವನ್ನು ಹೊಸ ಕಾಲಕ್ಕೆ ಹೊಂದಿಸಲು ಕುಳಿತರು. ಕೋಟೆಯ ಜಾಗದಲ್ಲಿ ಅಪಾರ್ಟ್‌ಮೆಂಟು ಬಂತು. ರಾಜನ ಜಾಗದಲ್ಲಿ ಸಂಘದ ಅಧ್ಯಕ್ಷ ಬಂದ. ಕುದುರೆ ಸ್ಕೂಟರ್ ಆಯಿತು, ಕುದುರೆಯ ದಣಿವು ಪೆಟ್ರೋಲ್ ಆಯಿತು. ತೊಡಕಾದದ್ದು ಫೋನಿನಿಂದ. ಹಳೆಯ ಆಟದಲ್ಲಿ ದೂತ ಬರುವವರೆಗೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಆಟದ ರುಚಿಯೆಲ್ಲ ಅದರಲ್ಲೇ ಇತ್ತು. ಫೋನ್ ಕೊಟ್ಟರೆ ಎಲ್ಲರಿಗೂ ಎಲ್ಲವೂ ಆ ಗಳಿಗೆಗೇ ತಿಳಿಯುತ್ತದೆ. ಮೇಷ್ಟ್ರು ಬಹಳ ಯೋಚಿಸಿ, ನೆಲಮಾಳಿಗೆಯಲ್ಲೂ ಲಿಫ್ಟಿನಲ್ಲೂ ಸಿಗ್ನಲ್ ಇರುವುದಿಲ್ಲ ಎಂದು ಬರೆದರು. ಆಡುವವರು ಮೆಚ್ಚಿದರು.

ಒಂದೇ ಒಂದು ನಿಯಮಕ್ಕೆ ಅವರು ಕಷ್ಟಪಡಲಿಲ್ಲ. ಆಳು ದಿಡ್ಡಿ ಬಾಗಿಲಿನಿಂದಲೇ ಬರಬೇಕು, ಹೆಬ್ಬಾಗಿಲಿನಲ್ಲಿ ಆಳಿನ ಕವಡೆ ಲೆಕ್ಕಕ್ಕಿಲ್ಲ, ಹೆಬ್ಬಾಗಿಲಿನಿಂದ ಬರಬೇಕಾದರೆ ರಾಜನ ಅಪ್ಪಣೆ ಬೇಡಬೇಕು ಎಂದು ಹಳೆಯ ಆಟದಲ್ಲಿತ್ತು. ಆ ಅಪಾರ್ಟ್‌ಮೆಂಟಿನಲ್ಲಿ ಕೆಲಸದವರಿಗೆ ಹಿಂದುಗಡೆ ಬೇರೆ ಲಿಫ್ಟು ಇತ್ತು. ದಿಡ್ಡಿ ಬಾಗಿಲು ಎಂಬಲ್ಲಿ ಹಿಂದಿನ ಲಿಫ್ಟು ಎಂದು ಬರೆದರು, ಹೆಬ್ಬಾಗಿಲು ಎಂಬಲ್ಲಿ ಮುಂದಿನ ಲಿಫ್ಟು ಎಂದು ಬರೆದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು ಎಂದು ಎಲ್ಲರ ಮುಂದೆ ಹೇಳಿಕೊಂಡರು.

ಒಂದು ಭಾನುವಾರ ಆಳಿನ ಪಾತ್ರದವರು ಬರಲಿಲ್ಲ. ಯಾವ ಪಾತ್ರ ಖಾಲಿ ಇದ್ದರೂ ಆಟ ಶುರುವಾಗುವಂತಿಲ್ಲ. ಆ ಕಟ್ಟಡದ ಸಂಘದ ಅಧ್ಯಕ್ಷರ ಹೆಂಡತಿ ಆಟದಲ್ಲಿ ಅಧ್ಯಕ್ಷರ ಪಾತ್ರ ಆಡುತ್ತಿದ್ದರು. ಅವರ ಮನೆಯಲ್ಲಿ ಅಡುಗೆ ಮಾಡುವ ಹೆಂಗಸು ಎಲ್ಲರಿಗೂ ಚಹಾ ತಂದಿದ್ದಳು. ಆ ಮನೆಯ ಕೆಲಸದಿಂದಲೇ ಅವಳ ಬಾಡಿಗೆ ನಡೆಯುತ್ತಿತ್ತು. ಅದೇ ಕಟ್ಟಡದ ಇನ್ನೆರಡು ಮನೆಗಳ ಕಸಗುಡಿಸುವ ಕೆಲಸ ಹೊಟ್ಟೆಗೆ ಸಾಲುವಷ್ಟೇ ಇತ್ತು. ನೀನೇ ಕೂತುಕೋ, ನಿನಗೆ ಕಲಿಯುವುದೇನೂ ಇಲ್ಲ ಎಂದು ಯಾರೋ ನಕ್ಕರು. ಅವಳು ಕೈ ಒರೆಸಿಕೊಂಡು ಕುಳಿತಳು.

ಮೇಷ್ಟ್ರು ಕತೆ ಆರಂಭಿಸಿದರು. ಅಧ್ಯಕ್ಷರ ತಾಯಿ ಮೇಲಿನ ಅಂತಸ್ತಿನಲ್ಲಿದ್ದಾರೆ. ಅವರಿಗೆ ಉಸಿರು ಕಟ್ಟುತ್ತಿದೆ. ಮಗ, ಅಂದರೆ ಅಧ್ಯಕ್ಷ, ಬೇರೆ ಊರಿನಲ್ಲಿದ್ದಾನೆ, ಫೋನಿನಲ್ಲಿ ಮಾತ್ರ ಸಿಗುತ್ತಾನೆ. ಔಷಧಿ ಆಳಿನ ಕೈಯಲ್ಲಿದೆ, ಆಳು ಕೆಳಗಿದ್ದಾಳೆ. ಹಿಂದಿನ ಲಿಫ್ಟು ಕೆಟ್ಟು ನಿಂತಿದೆ. ಮೆಟ್ಟಿಲು ಹತ್ತಿದರೆ ಹೊತ್ತು ಮೀರುತ್ತದೆ. ಈಗೇನು ಮಾಡುತ್ತೀ ಎಂದು ಅವಳನ್ನು ಕೇಳಿದರು.

ಮುಂದಿನ ಲಿಫ್ಟಿನಲ್ಲಿ ಹೋಗುತ್ತೇನೆ ಎಂದಳು.

ಹಾಗೆ ಹೋಗುವಂತಿಲ್ಲ, ಮೊದಲು ಅಪ್ಪಣೆ ಬೇಡಬೇಕು ಎಂದು ಮೇಷ್ಟ್ರು ನಿಯಮ ತಿಳಿಸಿದರು. ಎಲ್ಲರೂ ಅಧ್ಯಕ್ಷರ ಹೆಂಡತಿಯ ಕಡೆ ನೋಡಿದರು. ಅಪ್ಪಣೆ ಕೊಟ್ಟಾಗ ಆಳಿನ ಕೈಗೆ ಹಾಕಬೇಕಾದ ಕವಡೆಗಳನ್ನು ಅವರು ಆಗಲೇ ಹಿಡಿದಿದ್ದರು. ಅವರು ಕೆಟ್ಟವರಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು.

“ಒಂದು ಮಾತು ಕೇಳೇ, ಬಿಡ್ತೀನಿ. ನಾನೇನು ಬೇಡ ಅಂತೀನಾ?” ಎಂದರು.

“ಇವತ್ತು ಕೇಳಿದ್ರೆ ನಾಳೆನೂ ಕೇಳ್ಬೇಕಾಗತ್ತೆ, ಅಮ್ಮಾವ್ರೇ” ಎಂದಳು.

ಯಾರೂ ನಗಲಿಲ್ಲ. ಅಧ್ಯಕ್ಷರ ಹೆಂಡತಿ ಕವಡೆಗಳನ್ನು ಆಟದ ಹಾಸಿನ ಮೇಲಿಟ್ಟರು. ಇದು ಆಟ, ಮನೆಯ ಕೆಲಸ ಬೇರೆ, ಎರಡನ್ನೂ ಕಲಸಬೇಡ ಎಂದು ಮೆಲ್ಲನೆ ಹೇಳಿದರು. ಕೆಲಸ ಹೋದೀತು ಎಂಬ ಎಚ್ಚರಿಕೆ ಅದು ಎಂದು ಅವಳಿಗೆ ಗೊತ್ತಾಯಿತು. ಅಲ್ಲಿದ್ದವರಿಗೂ ಗೊತ್ತಾಯಿತು. ಅವಳು ಅದೇ ಕವಡೆಗಳನ್ನು ಎತ್ತಿಕೊಂಡು ತಾನೇ ಹಾಕಿದಳು. ಎಲ್ಲವೂ ಬಾಯಿ ಮೇಲಾಗಿ ಬಿದ್ದವು. ಅದಕ್ಕಿಂತ ಒಳ್ಳೆಯದು ಆ ಆಟದಲ್ಲಿ ಬೀಳುವುದಿಲ್ಲ.

ಮೇಷ್ಟ್ರಿಗೆ ಕಸಿವಿಸಿಯಾಯಿತು. ಆದರೂ ಅವರು ನಿಯಮದವರು. ಬಿದ್ದದ್ದೇನೋ ನಿಜ, ಮುಂದಿನ ಲಿಫ್ಟಿನಲ್ಲಿ ಇದು ಲೆಕ್ಕಕ್ಕಿಲ್ಲ ಎಂದರು. ಔಷಧಿ ತಲುಪಲಿಲ್ಲ, ಮುದುಕಿ ತೀರಿಕೊಂಡಳು ಎಂದು ಕತೆ ಮುಂದುವರಿಸಿದರು.

“ಔಷಧಿ ನನ್ನ ಕೈಯಲ್ಲಿದೆ, ಲಿಫ್ಟು ನನ್ನ ಮುಂದೆ ಬಾಯಿ ತೆಗೆದು ನಿಂತಿದೆ. ಮುದುಕಮ್ಮನ್ನ ಕೊಂದೋರು ಯಾರು ಅಂತ ಅದನ್ನೂ ಹೇಳಿ, ಸಾರ್.”

“ನಾನೇನಮ್ಮ ಮಾಡ್ಲಿ? ನಿಯಮ ನನ್ನದಲ್ಲ. ಹಿಂದಿನಿಂದ ಬಂದದ್ದು.”

“ಕುದುರೆನೂ ಹಿಂದಿನಿಂದ ಬಂದಿದ್ದೇ. ಅದೇನು ಬಂದು ನಿಮ್ಮನ್ನ ಕೇಳಿತ್ತಾ? ಕೇಳದೇ ಇದ್ದ ಕುದುರೆಗೆ ಸ್ಕೂಟರ್ ಕೊಟ್ರಿ. ಕೇಳ್ತಿರೋ ನನಗೆ ಅದೇ ಹಳೇ ಬಾಗಿಲಾ?”

ಹೀಗೆಂದು ಅವಳು ಹಾಸಿನ ಮೇಲಿದ್ದ ಕವಡೆಗಳನ್ನೆಲ್ಲ ಬಾಚಿ ಸೆರಗಿನಲ್ಲಿ ಕಟ್ಟಿಕೊಂಡಳು. ನಿಯಮ ಬದಲಾದ ದಿನ ತಂದುಕೊಡುತ್ತೇನೆ ಎಂದಳು. ಚಹಾದ ಲೋಟಗಳನ್ನು ತೆಗೆಯಲಿಲ್ಲ. ಎದ್ದು ಹೊರಗೆ ಹೋಗಿ ಮುಂದಿನ ಲಿಫ್ಟಿನ ಗುಂಡಿ ಒತ್ತಿದಳು. ಕೋಣೆಯಲ್ಲಿದ್ದವರಿಗೆಲ್ಲ ಅದು ಕಾಣುತ್ತಿತ್ತು.

ಆ ಸಂಜೆಯೇ ಅಧ್ಯಕ್ಷರ ಮನೆಯಿಂದ ನಾಳೆಯಿಂದ ಬರುವುದು ಬೇಡ ಎಂದು ಹೇಳಿ ಕಳಿಸಿದರು. ಅವಳು ಯಾಕೆ ಎಂದು ಕೇಳಲು ಹೋಗಲಿಲ್ಲ. ಇದ್ದ ಮನೆ ಬಿಟ್ಟು ತಂಗಿಯ ಮನೆಯ ಒಂದು ಮೂಲೆಗೆ ಪಾತ್ರೆ ಸಾಗಿಸಿದಳು. ಮರುದಿನ ಉಳಿದ ಎರಡು ಮನೆಗಳ ಕೆಲಸಕ್ಕೆ ಬಂದಳು. ಮುಂದಿನ ಲಿಫ್ಟನ್ನೇ ಹತ್ತಿದಳು. ಕಾವಲಿನವನು ಇಳಿಯಲು ಹೇಳಿದ. ಇಳಿಯಲಿಲ್ಲ. ಅವಳ ಮೈ ಮುಟ್ಟಿ ಎಳೆಯುವ ಧೈರ್ಯ ಅವನಿಗೆ ಇರಲಿಲ್ಲ. ಬಾಗಿಲು ಮುಚ್ಚದ ಹಾಗೆ ಕಾಲು ಅಡ್ಡ ಇಟ್ಟುಕೊಂಡು ನಿಂತ. ಅವಳು ಒಳಗೆ ನಿಂತಳು. ಮೇಲೆ ಆಫೀಸಿಗೆ ಹೊರಟವರು ಒಬ್ಬೊಬ್ಬರೇ ಲಿಫ್ಟಿಗೆ ಕಾದು ಬೇಸತ್ತು ಮೆಟ್ಟಿಲು ಇಳಿದು ಬಂದರು, ಅವಳನ್ನೂ ಅವನನ್ನೂ ಬೈದರು. ಕೊನೆಗೆ ಒಬ್ಬ, ಮರೆತ ಊಟದ ಡಬ್ಬಿಗೆ ಮತ್ತೆ ಮೇಲೆ ಹೋಗಬೇಕಾಗಿದ್ದವನು, ಅವಳು ಬೇಕಾದರೆ ಆಕಾಶಕ್ಕೆ ಹೋಗಲಿ, ನೀನು ಕಾಲು ತೆಗೆಯಪ್ಪ ಎಂದ. ಕಾವಲಿನವನು ಕಾಲು ತೆಗೆದ. ಅವಳಿಗೆ ದಾರಿಯಾದದ್ದು ಯಾರ ಕರುಣೆಯಿಂದಲೂ ಅಲ್ಲ. ಮಾರನೆಯ ದಿನವೂ ಅವಳು ಹಾಗೆಯೇ ಬಂದಳು.

ಮುಂದಿನ ಭಾನುವಾರ ಮೇಷ್ಟ್ರು ಅಂಗಡಿಯಿಂದ ಬೇರೆ ಕವಡೆ ತಂದರು. ಆಡುವವರೂ ಬಂದರು. ಆಳಿನ ಪಾತ್ರ ತೆಗೆದುಕೊಳ್ಳಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಹಿಂದೆ ಆ ಪಾತ್ರ ಆಡುತ್ತಿದ್ದವರು ತಮಗೆ ಮಂಡಿನೋವು ಎಂದರು. ಕುಳಿತು ಆಡುವ ಆಟಕ್ಕೆ ಮಂಡಿನೋವು ಏನು ಮಾಡುತ್ತದೆ ಎಂದು ಮೇಷ್ಟ್ರು ಕೇಳಲಿಲ್ಲ. ಆಟ ನಿಂತಿತು. ಅದರ ಮುಂದಿನ ವಾರವೂ ನಿಂತಿತು.

ಮೇಷ್ಟ್ರು ಅವಳನ್ನು ಹುಡುಕಿಕೊಂಡು ಹೋದರು. ಅವಳು ಒಂದು ಮನೆಯ ಮುಂದೆ ನೆಲ ಒರೆಸುತ್ತಿದ್ದಳು. ಬಾರಮ್ಮ, ನೀನಿಲ್ಲದೆ ಆಟ ನಡೆಯುತ್ತಿಲ್ಲ ಎಂದರು. ನಿಯಮ ತೆಗೆದಿರಾ ಎಂದು ಅವಳು ಕೇಳಿದಳು. ಸಂಘದ ಸಭೆಯಲ್ಲಿ ಇಡಬೇಕು ಎಂದು ಮೇಷ್ಟ್ರ ಬಾಯಲ್ಲಿ ಬಂತು. ಆಟದ ನಿಯಮಕ್ಕೆ ಸಂಘದ ಸಭೆ ಯಾಕೆ ಎಂದು ಅವರಿಗೇ ತಿಳಿಯಲಿಲ್ಲ. ಅವಳು ಬಟ್ಟೆ ಹಿಂಡಿದಳು. ಒರೆಸಿದ ಜಾಗದಲ್ಲಿ ನಿಂತಿದ್ದೀರಿ, ಆಚೆ ಸರಿಯಿರಿ ಎಂದಳು.

ಮೇಷ್ಟ್ರು ಮನೆಗೆ ಬಂದು ಹಾಳೆ ತೆಗೆದರು. ಆ ನಿಯಮದ ಮೇಲೆ ಪೆನ್ನು ಇಟ್ಟರು. ಗೆರೆ ಎಳೆಯಲು ಕೈ ಬರಲಿಲ್ಲ. ಇದೊಂದನ್ನು ತೆಗೆದರೆ ಆಳು ಯಾರು, ಅಧ್ಯಕ್ಷ ಯಾರು, ಆಮೇಲೆ ಆಟ ಎಲ್ಲಿ ಉಳಿಯುತ್ತದೆ ಎಂದು ಅವರಿಗೆ ಅನ್ನಿಸಿತು. ಅವರು ಇನ್ನೂ ಹಾಗೆಯೇ ಕುಳಿತಿದ್ದಾರೆ. ಅವಳು ಮುಂದಿನ ಲಿಫ್ಟಿನಲ್ಲಿ ಹತ್ತಿ ಇಳಿಯುತ್ತಿದ್ದಾಳೆ.

ಇಷ್ಟು ಹೇಳಿ ನಾನು ನಿಲ್ಲಿಸಿದೆ.

ಅನಘಾಳಿಗೆ ಸಮಾಧಾನವಾಗಲಿಲ್ಲ. ಮೇಷ್ಟ್ರು ಹೇಳುವುದರಲ್ಲಿಯೂ ಅರ್ಥವಿದೆಯಲ್ಲ ಎಂದಳು. ಬೇಡ ಎನ್ನಿಸಿದ್ದನ್ನೆಲ್ಲ ಕಿತ್ತುಹಾಕುತ್ತ ಹೋದರೆ ಅದು ಕೋಟೆಯಾಟ ಎನ್ನಿಸಿಕೊಳ್ಳುವುದಿಲ್ಲ ಎಂದಳು. ಹಾಳೆಯ ಮೇಲೆ ಆ ಸಾಲಿನ ಹತ್ತಿರ ಅವಳ ಪೆನ್ನೂ ನಿಂತೇ ಇತ್ತು.

“ಅದನ್ನ ಬರೆದವರು ಏನೋ ಯೋಚನೆ ಮಾಡಿಯೇ ಬರೆದಿರ್ತಾರಲ್ಲ, ಅಜ್ಜಿ?”

“ಹಾಗಾದರೆ ಬರೆದವನು ಯಾವ ಬಾಗಿಲಿನಿಂದ ಬರುತ್ತಿದ್ದ, ಅದನ್ನು ಮೊದಲು ಬರೆದುಕೋ.”