ಉಸ್ತಾದನ ಹಾಲು

“ಮೇಷ್ಟ್ರೆ, ಕಣ್ಣಾರೆ ಕಂಡ ಮೇಲೂ ಇನ್ನೊಂದು ಬೆಳೆ ಕಾಯಬೇಕೆ?”

ಕೇಳಿದವನು ತಿಪ್ಪೇಶ. ರೇಷ್ಮೆ ಹುಳು ಸಾಕುವ ಹುಳುಮನೆಯಿಂದ ಓಡಿ ಬಂದಿದ್ದ. ಏದುಸಿರು ಇನ್ನೂ ನಿಂತಿರಲಿಲ್ಲ.

ವಿಶ್ವವಿದ್ಯಾಲಯದ ರೇಷ್ಮೆ ವಿಭಾಗದಲ್ಲಿ ಅವನ ಸಂಶೋಧನೆಗೆ ಅದು ಮೂರನೆಯ ವರ್ಷ. ಸಪ್ಪೆ ರೋಗ ಬಂದರೆ ರೇಷ್ಮೆ ಹುಳು ಮೇವು ಬಿಟ್ಟು, ಮೆತ್ತಗಾಗಿ ಸಾಯುತ್ತದೆ. ಅದನ್ನು ತಡೆಯಬಹುದಾದ ಒಂದು ಸೂಕ್ಷ್ಮಾಣುವನ್ನು ತಿಪ್ಪೇಶ ಗಟ್ಟಿ ಹುಳುವಿನ ಕರುಳಿನಲ್ಲೇ ಹುಡುಕಿ ತೆಗೆದಿದ್ದ.

ಈ ಬೆಳೆಯಲ್ಲಿ ಪರೀಕ್ಷೆ ನಡೆಸಿದ. ಹುಳುಗಳು ಕೊನೆಯ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಹುಳು ತಿನ್ನದೆ ಮಿಸುಕದೆ ಇದ್ದು ಪೊರೆ ಕಳಚುವ ಹೊತ್ತು. ಎದ್ದ ಎದ್ದ ಹುಳುವನ್ನು ಎತ್ತಿ ತಟ್ಟೆಗೆ ಹಾಕಿದ. ಒಂದು ತಟ್ಟೆಗೆ ನೂರು ತುಂಬಿದ ಮೇಲೆ ಇನ್ನೊಂದಕ್ಕೆ ನೂರು. ಎರಡಕ್ಕೂ ರೋಗ ತಗುಲಿಸಿದ. ಮೊದಲ ತಟ್ಟೆಯ ಸೊಪ್ಪಿಗೆ ಮಾತ್ರ ಆ ಸೂಕ್ಷ್ಮಾಣುವಿನ ದ್ರಾವಣ ಚಿಮುಕಿಸಿದ. ಅಲ್ಲಿ ಸತ್ತದ್ದು ಆರು. ಇನ್ನೊಂದರಲ್ಲಿ ಅರವತ್ತೆರಡು.

“ತೊಂಬತ್ನಾಲ್ಕು ಬದುಕಿವೆ, ಮೇಷ್ಟ್ರೆ! ನಾಳೆ ರೈತರ ಮೇಳ. ಶೀಷೆ ತುಂಬಿಸಿಟ್ಟಿದ್ದೇನೆ. ಒಯ್ದವರ ಮನೆಯಲ್ಲಿ ಮುಂದಿನ ಬೆಳೆ ಉಳಿಯುತ್ತದೆ. ನೀವು ಹೂಂ ಅನ್ನಿ, ಸಾಕು.”

ಅವನ ಸಂಶೋಧನೆಗೆ ಮಾರ್ಗದರ್ಶಕರಾದ ಬೋರಲಿಂಗಯ್ಯ ಮೇಷ್ಟ್ರು ಹೂಂ ಅನ್ನಲಿಲ್ಲ. ಎದ್ದು ಹುಳುಮನೆಗೆ ನಡೆದರು. ಅವರು ಕುರ್ಚಿ ಬಿಟ್ಟು ಎದ್ದದ್ದೇ ತಿಪ್ಪೇಶನಿಗೆ ಹಬ್ಬವಾಯಿತು. ಎರಡು ತಟ್ಟೆಯನ್ನೂ ನೋಡಿದರು. ಪರೀಕ್ಷೆಯ ವಿವರ ಬರೆದಿಟ್ಟ ಅವನ ಪುಸ್ತಕ ತಿರುವಿದರು. ಒಂದು ಪುಟದಲ್ಲಿ ಬೆರಳು ನಿಂತಿತು. ಬೆರಳನ್ನು ಅಲ್ಲೇ ಇಟ್ಟುಕೊಂಡು ಕತೆ ಹೇಳಿದರು.

“ಒಬ್ಬ ಗರಡಿ ಉಸ್ತಾದ. ಯಾವುದೋ ಬೇರು ಅರೆದು ಹಾಲಿಗೆ ಬೆರೆಸಿದ. ಗರಡಿಯಲ್ಲಿ ಇಪ್ಪತ್ತು ಜನ, ಹಂಡೆಯಲ್ಲಿ ಹತ್ತು ಜನಕ್ಕೆ ಆಗುವಷ್ಟು ಹಾಲು. ಬೆಳಗ್ಗೆ ಮೊದಲು ಬಂದ ಹತ್ತು ಜನಕ್ಕೆ ಕುಡಿಸಿದ. ಆಮೇಲೆ ಬಂದವರಿಗೆ ಇಲ್ಲ. ವರ್ಷವಿಡೀ ಹೀಗೇ ನಡೆಯಿತು.

“ಆ ವರ್ಷದ ಕುಸ್ತಿಯಲ್ಲಿ ಗೆದ್ದವರೆಲ್ಲ ಹಾಲು ಕುಡಿದವರು. ಉಸ್ತಾದ ಕುಣಿದಾಡಿದ. ಸುತ್ತಲ ಊರಿನ ಪೈಲ್ವಾನರು ಬಿಂದಿಗೆ ಹಿಡಿದು ಬಂದರು. ತಾಲೀಮು ಬಿಟ್ಟು ಹಾಲು ಕುಡಿದರು. ಮರುವರ್ಷ ಒಬ್ಬೊಬ್ಬರಾಗಿ ಮಣ್ಣು ಮುಕ್ಕಿದರು.

“ಉಸ್ತಾದ ತಲೆಯ ಮೇಲೆ ಕೈ ಹೊತ್ತು ಕೂತ. ಅವನ ತಾಯಿ ಕೇಳಿದಳು, ‘ಅಲ್ಲವೋ ಮಂಕೆ, ಚಳಿ ಅನ್ನದೆ ಮಳೆ ಅನ್ನದೆ ಕತ್ತಲಲ್ಲೇ ಎದ್ದು ಬರುತ್ತಿದ್ದವರು ಯಾರು?’

“‘ಹಾಲು ಕುಡಿದವರು, ಅವ್ವ.’

“‘ನೀನು ಬೇರು ಅರೆಯುವುದಕ್ಕೆ ಮೊದಲು?’

“‘ಆಗಲೂ ಅವರೇ.’”

ತಿಪ್ಪೇಶ ಗಹಗಹಿಸಿ ನಕ್ಕ. “ಎಂಥ ದಡ್ಡ ಉಸ್ತಾದ, ಮೇಷ್ಟ್ರೆ! ಗಟ್ಟಿಮುಟ್ಟಾದವರನ್ನೇ ಆರಿಸಿ ಕುಡಿಸಿ, ಹಾಲಿಗೆ ಹೆಸರು ಕೊಟ್ಟನಲ್ಲ!”

ಮೇಷ್ಟ್ರು ಬೆರಳಿಟ್ಟ ಪುಟವನ್ನು ಅವನ ಕಡೆ ತಿರುಗಿಸಿದರು.

“ಜ್ವರದಿಂದ ಮೊದಲು ಎದ್ದ ನೂರು ಹುಳು ಯಾವ ತಟ್ಟೆಯಲ್ಲಿವೆ, ತಿಪ್ಪೇಶ?”

ತಿಪ್ಪೇಶ ದ್ರಾವಣ ಚಿಮುಕಿಸಿದ ತಟ್ಟೆಯನ್ನು ನೋಡಿದ; ಮೇಳಕ್ಕೆಂದು ತುಂಬಿಸಿಟ್ಟಿದ್ದ ಶೀಷೆಗಳನ್ನು ಎತ್ತಿಡಲು ಹೊರಟ.