ತೋಟಪ್ಪನ ಗಾಡಿಯ ಎಣ್ಣೆ

ಹೊಳೆಯ ದಂಡೆಯಲ್ಲಿ ನೀಲಮ್ಮನವರ ಆಶ್ರಮವಿತ್ತು. ಸುತ್ತಲಿನ ಊರಿನವರೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದರು. ಅವರ ಬಳಿ ಕಲ್ಮೇಶನೆಂಬ ಶಿಷ್ಯನಿದ್ದ. ಆಶ್ರಮಕ್ಕೆ ಬರುವ ಮೊದಲು ಅವನು ಪೇಟೆಯ ಗ್ಯಾರೇಜೊಂದರಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ.

ಒಂದು ದಿನ ಆಶ್ರಮಕ್ಕೆ ಹಳೆಯ ಬಿಳಿ ಕಾರೊಂದು ಬಂತು.

ಅದು ತೋಟಪ್ಪನ ಕಾರು. ತೋಟಪ್ಪನಿಗೆ ದಮ್ಮಿನ ಕಾಯಿಲೆಯಿತ್ತು. ಉಸಿರು ಸಿಗದೆ ಆಸ್ಪತ್ರೆಗೆ ಹೊರಟವನು ಸ್ಮಶಾನದ ಪಕ್ಕದ ಏರಿನಲ್ಲಿ, ಅದೇ ಕಾರಿನ ಹಿಂದಿನ ಸೀಟಿನಲ್ಲಿ ಪ್ರಾಣ ಬಿಟ್ಟಿದ್ದ.

ಅವನ ಹೆಂಡತಿ ಪಾರವ್ವ ಚಾವಿಯನ್ನು ತಂದು ಅವ್ವಾರ ಮುಂದಿಟ್ಟಳು.

"ಮನಿ ಮುಂದ ಇದು ನಿಂತದ್ದು ನೋಡಾಕ ಆಗವಲ್ದು ನನಗ. ಯಾರಿಗರ ಜಡ್ಡಾದ್ರ ದವಾಖಾನಿಗೆ ಒಯ್ಯಾಕ ಇಟ್ಕೊಳ್ರಿ."

ಅವ್ವಾರು ಚಾವಿಯನ್ನು ಕಲ್ಮೇಶನಿಗೆ ಕೊಟ್ಟರು.

ಆಸ್ಪತ್ರೆಗೆ ಇದ್ದದ್ದು ಒಂದೇ ದಾರಿ. ಸ್ಮಶಾನದ ಪಕ್ಕದ ಏರು ಹತ್ತಿ, ಸೇತುವೆ ದಾಟಿ ಹೋಗಬೇಕು.

ಮೊದಲ ಸಲ ಹೋದಾಗಲೇ ಏರಿನಲ್ಲಿ ಎಂಜಿನ್ ತಡವರಿಸಿತು. ಒಂದು ಕೆಮ್ಮು ಬಂದಂತಾಯಿತು. ತುಸು ಬಿಟ್ಟು ಇನ್ನೊಂದು. ಆಮೇಲೆ ಉಸಿರಿಗಾಗಿ ಒದ್ದಾಡಿದ ಹಾಗೆ ಗಾಡಿಯ ಮೈಯೆಲ್ಲ ನಡುಗಿತು.

ಸುಟ್ಟ ವಾಸನೆ ಬಂತು.

ಕಲ್ಮೇಶ ಸ್ಮಶಾನದ ಕಡೆ ನೋಡಿದ. ಅಲ್ಲಿ ಯಾವ ಚಿತೆಯೂ ಉರಿಯುತ್ತಿರಲಿಲ್ಲ.

ಏರಿನ ತುದಿ ಮುಟ್ಟಿದ ಮೇಲೆ ಕೆಮ್ಮು ನಿಂತಿತು. ವಾಸನೆಯೂ ಹೋಯಿತು.

ಇನ್ನೊಂದು ಸಂಜೆ ಅದೇ ಏರಿನಲ್ಲಿ ಅವನು ಗಾಡಿಯನ್ನು ನಿಲ್ಲಿಸಿದ. ಎಂಜಿನ್ ಓಡುತ್ತಿದ್ದಂತೆಯೇ ಬಾನೆಟ್ ಎತ್ತಿದ. ಮಸುಕು ಬೆಳಕಿನಲ್ಲಿ, ಕಬ್ಬಿಣದ ನಡುವೆ, ಒಂದು ತೂತಿನೊಳಗೆ ನೀಲಿ ಬೆಳಕು ಮಿಣುಕಿತು. ಆರಿತು. ಮತ್ತೆ ಮಿಣುಕಿತು. ಒಂದೊಂದು ಮಿಣುಕಿಗೂ ಗಾಡಿ ಕೆಮ್ಮುತ್ತಿತ್ತು.

ಕಲ್ಮೇಶ ಚಾವಿ ಕಿತ್ತುಕೊಂಡು, ಗಾಡಿಯನ್ನು ಅಲ್ಲೇ ಬಿಟ್ಟು ಆಶ್ರಮದವರೆಗೂ ಓಡಿ ಬಂದ.

ಅವ್ವಾರು ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು.

"ಏನ್ ಕಂಡಿ?" ಎಂದು ಕೇಳಿದರು.

"ನೀಲಿ ಬೆಳಕ್ರಿ ಅವ್ವಾರ. ಒಳಗ ಏನೋ ಐತ್ರಿ."

"ಎಷ್ಟೊತ್ತು ನೋಡಿದಿ?"

"ನೋಡ್ಲಿಲ್ರಿ. ಓಡಿ ಬಂದೆ."

"ಹಂಗಾರ ನೀ ಅದನ್ನ ಕಂಡಿಲ್ಲ," ಎಂದರು ಅವ್ವಾರು. "ಅದು ನಿನ್ನ ಕಂಡೈತಿ."



ಮರುದಿನ ಬಿಸಿಲಿನಲ್ಲಿ ಗಾಡಿಯನ್ನು ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದ. ಆ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳು ಆಳವಾದ ಕುಳಿಗಳೊಳಗೆ ಕೂತಿದ್ದವು. ಒಂದೊಂದರ ತಲೆಗೂ ಉದ್ದನೆಯ ರಬ್ಬರ್ ಕ್ಯಾಪ್. ಎಲ್ಲಕ್ಕಿಂತ ಹಿಂದಿನ ಕುಳಿಯ ಕ್ಯಾಪನ್ನು ಎಳೆದಾಗ ಅದು ಬಾಯಿ ಚಪ್ಪರಿಸಿದಂತೆ ಸದ್ದು ಮಾಡಿ ಮೇಲೆ ಬಂತು. ತುದಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕಿತು.

ಕುಳಿಯ ತುಂಬ ಎಣ್ಣೆ ನಿಂತಿತ್ತು. ಅದರಲ್ಲಿ ಅವನ ಮುಖ ಕಾಣಿಸಿತು.

ಬಟ್ಟೆ ಸುತ್ತಿದ ಕಡ್ಡಿ ಇಳಿಬಿಟ್ಟು ಎಣ್ಣೆಯನ್ನೆಲ್ಲ ಒರೆಸಿ ತೆಗೆದ. ಹೊಸ ಪ್ಲಗ್ ಹಾಕಿದ. ಗಾಡಿ ಕೆಲವು ದಿನ ಕೆಮ್ಮಲಿಲ್ಲ.

ಆಮೇಲೆ ಮತ್ತೆ ಕೆಮ್ಮಿತು. ಕ್ಯಾಪ್ ಎಳೆದು ನೋಡಿದರೆ ಮತ್ತೆ ಎಣ್ಣೆ. ಮತ್ತೆ ಒರೆಸಿದ. ಮತ್ತೆ ಬಂತು.

ಊರಿನಲ್ಲಿ ಮಾತು ಹುಟ್ಟಿತು. ಯಾರೋ ಅಂದರು, "ತೋಟಪ್ಪ ಇನ್ನೂ ಗಾಡಿಯಿಂದ ಇಳಿದಿಲ್ಲ." ಕಾಯಿಲೆಯವರು ಎತ್ತಿನ ಬಂಡಿಯಲ್ಲಿ ಹೋದರೇ ಹೊರತು ಆ ಕಾರನ್ನು ಕೇಳಲು ಬರಲಿಲ್ಲ.

ಕಲ್ಮೇಶ ಬಾನೆಟ್ಟಿಗೆ ವಿಭೂತಿ ಹಚ್ಚಿದ. ಮುಂದೆ ನಿಂಬೆಹಣ್ಣು ಕಟ್ಟಿದ.

ಅವ್ವಾರು ಬಂದು ನೋಡಿದರು. ನಿಂಬೆಹಣ್ಣನ್ನು ಬಿಚ್ಚಿ ಸೆರಗಿನಲ್ಲಿ ಹಾಕಿಕೊಂಡರು.

"ಸಾರಿಗೆ ಹಿಂಡಾಕ ಆಗತೈತಿ," ಎಂದರು. "ಎಣ್ಣಿ ಎಲ್ಲಿಂದ ಬಂತು?"

"ಕುಳಿಯಾಗ ಇತ್ರಿ."

"ಎಲ್ಲಿತ್ತು ಅಂತ ಕೇಳಲಿಲ್ಲ."

ಕಲ್ಮೇಶ ತಲೆ ತಗ್ಗಿಸಿದ. "ಮ್ಯಾಲಿನ ಮುಚ್ಚಳ ಬಿಚ್ಚಿ ನೋಡಬೇಕ್ರಿ. ಅದರ ಕೆಳಗ ರಬ್ಬರ್ ಸೀಲ್ ಇರತಾವು. ಹಳೇವಾದ್ರ ಸೋರತಾವು."

"ಬಿಚ್ಚು ಮತ್ತ."

"ಅಂಜಿಕಿ ಬರತೈತ್ರಿ."

"ಏನು ಸಿಕ್ಕೀತು ಅಂತ ಅಂಜಿಕಿ?"

ಕಲ್ಮೇಶ ಹೇಳಿದ, "ಏನೂ ಸಿಗದಿದ್ರ ಅಂತ, ಅವ್ವಾರ. ಸೀಲೆಲ್ಲ ಚಲೋ ಇದ್ದು, ಅಂದ್ರೂ ಎಣ್ಣಿ ಬರತಿದ್ರ..."

ಅವ್ವಾರು ಅವನ ಮುಖವನ್ನೇ ನೋಡಿದರು. ಒಳಗೆ ಹೋದರು.

ಕಲ್ಮೇಶ ಅಂದೂ ಬಿಚ್ಚಲಿಲ್ಲ. ಒರೆಸಿ ಮುಚ್ಚಿದ.

ಸುಗ್ಗಿ ಮುಗಿಯುವ ಕಾಲ. ಹೊತ್ತು ಮುಳುಗುತ್ತಿತ್ತು. ಹೊಳೆಯ ಮೇಲೆ ಮಂಜು ಏಳುತ್ತಿತ್ತು. ನಾಲ್ಕಾರು ಜನ ಒಂದು ಹೊರಸನ್ನು ಹೊತ್ತು ಓಡಿ ಬಂದರು. ಹೊರಸಿನ ಮೇಲೆ ಪಾರವ್ವ ಇದ್ದಳು. ಬಣವೆಯಿಂದ ಹುಲ್ಲು ಹಿರಿಯುವಾಗ ಅವಳ ಕಾಲಿಗೆ ಹಾವು ಕಚ್ಚಿತ್ತು.

ಅವಳ ರೆಪ್ಪೆಗಳು ಆಗಲೇ ಜೋತುಬಿದ್ದಿದ್ದವು. ನಾಲಿಗೆ ತೊದಲುತ್ತಿತ್ತು.

ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಒಂದು ಬದಿಗೆ ಒಬ್ಬರು ಕೂರುವಷ್ಟು ಜಾಗ ಉಳಿಯಿತು.

"ಯಾರರ ಅಕಿ ಹಂತೇಕ ಕುಂದರ್ರಿ," ಎಂದ ಕಲ್ಮೇಶ.

ಯಾರೂ ಹತ್ತಲಿಲ್ಲ. ಹೊತ್ತು ತಂದವರೂ ಹಿಂದೆ ಸರಿದು ನಿಂತರು.

ಅವ್ವಾರು ಬಂದು ಮುಂದಿನ ಬಾಗಿಲು ತೆರೆದು ಕಲ್ಮೇಶನ ಪಕ್ಕದಲ್ಲಿ ಕೂತರು.

"ನಡಿ."

ಗಾಡಿ ಏರು ಹತ್ತಲು ಶುರು ಮಾಡಿತು. ಮಂಜು ರಸ್ತೆಗೂ ಬಂದಿತ್ತು. ಸ್ಮಶಾನದ ಗೋಡೆ ಕಾಣಿಸಿತು.

ಕೆಮ್ಮು ಬಂತು.

ಹಿಂದಿನಿಂದ ಪಾರವ್ವ ತೊದಲಿದಳು, "ಇವರು... ಹಿಂಗ... ಕೆಮ್ಮತಿದ್ರು..."

ಆ ದಾರಿಯಲ್ಲಿ ಅದೇ ಅವಳ ಕೊನೆಯ ಮಾತು. ಆಮೇಲೆ ನಾಲಿಗೆ ಹೊರಳಲಿಲ್ಲ.

ಗಾಡಿ ನಡುಗಿತು. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಏರಿನ ನಡುವೆ, ಸ್ಮಶಾನದ ಎದುರಿಗೇ, ಎಂಜಿನ್ ಸತ್ತಿತು.

ಎಲ್ಲ ಸದ್ದೂ ನಿಂತಿತು. ಬಾನೆಟ್ಟಿನ ಕೆಳಗೆ ಬಿಸಿ ಕಬ್ಬಿಣ ಟಿಕ್ ಟಿಕ್ ಎಂದು ಬಡಿಯುತ್ತಿತ್ತು. ಹಿಂದೆ ಉಸಿರಾಡುವುದು ಕೇಳುತ್ತಿತ್ತು. ಒಬ್ಬರ ಉಸಿರೋ ಇಬ್ಬರದೋ ಕಲ್ಮೇಶನಿಗೆ ತಿಳಿಯಲಿಲ್ಲ. ಕನ್ನಡಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಅವನ ಕೈ ಸ್ಟೇರಿಂಗಿಗೆ ಅಂಟಿಕೊಂಡಿತ್ತು.

"ಇಳಿ," ಎಂದರು ಅವ್ವಾರು.

"ಅವ್ವಾರ..."

"ಇವತ್ತು ಓಡಬ್ಯಾಡ. ನೋಡು."

ಕಲ್ಮೇಶ ಇಳಿದ. ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದ.

"ಚಾವಿ ತಿರುವ್ರಿ," ಎಂದ.

ಅವ್ವಾರು ಕೈ ಚಾಚಿ ಚಾವಿ ತಿರುವಿದರು. ಎಂಜಿನ್ ನರಳಿತು, ಹತ್ತಿಕೊಳ್ಳಲಿಲ್ಲ. ಹಿಂದಿನ ಕುಳಿಯಲ್ಲಿ ನೀಲಿ ಬೆಳಕು ಎದ್ದಿತು.

ಕಲ್ಮೇಶ ಓಡಲಿಲ್ಲ. ನೋಡಿದ.

"ಎಲ್ಲಿ ಹೋಗತೈತಿ ಅದು?" ಅವ್ವಾರ ದನಿ ಒಳಗಿನಿಂದ ಬಂತು.

"ಕೆಳಗ ಪ್ಲಗ್ಗಿಗೆ ಹೋಗವಲ್ದು. ಎಣ್ಣಿ ಕುಡಿದು ರಬ್ಬರ್ ಸೀಳೇತ್ರಿ. ಆ ಸೀಳಿನಾಗಿಂದ ಹೊರಗ ಬಂದು ಕುಳಿ ಗ್ವಾಡಿಗೆ ಹಾರಾಕತ್ತೈತಿ."

"ಮತ್ತ?"

"ಕಿಡಿ, ಅವ್ವಾರ. ಬರೇ ಕಿಡಿ. ದಾರಿ ತಪ್ಪೇತಿ."

"ದಾರಿಗೆ ಹಚ್ಚು ಮತ್ತ. ಅಕಿ ಉಸಿರು ಸಣ್ಣಾಗಾಕತ್ತೈತಿ."

ಚಾವಿ ತೆಗೆಸಿ ಕ್ಯಾಪ್ ಎಳೆದ. ಅಂಗಿಯನ್ನು ಬಿಚ್ಚಿ ಹರಿದು, ಕಡ್ಡಿಗೆ ಸುತ್ತಿ ಕುಳಿಯ ಎಣ್ಣೆಯನ್ನು ಹೀರಿಸಿದ. ಆ ಚಿಂದಿ ತೊಯ್ದರೆ ಇನ್ನೊಂದು ಚಿಂದಿ. ಪ್ಲಗ್ಗನ್ನು ಬಿಚ್ಚಲಿಲ್ಲ. ಬಿಚ್ಚಿದರೆ ಉಳಿದ ಎಣ್ಣೆ ಎಂಜಿನ್ನಿನ ಹೊಟ್ಟೆಗೇ ಇಳಿಯುತ್ತಿತ್ತು. ಕ್ಯಾಪನ್ನು ಒರೆಸಿ, ಸೀಳಿದ ಜಾಗಕ್ಕೆ ಗಾಡಿಯಲ್ಲಿದ್ದ ಟೇಪು ಸುತ್ತಿ ಒತ್ತಿ ಕೂರಿಸಿದ.

ಬಾಗಿದ್ದ ಅಷ್ಟು ಹೊತ್ತೂ ಅವನ ಬೆನ್ನ ಹಿಂದೆ ಯಾರೋ ನಿಂತಂತೆ ಇತ್ತು. ಅವನು ತಿರುಗಲಿಲ್ಲ.

"ತಿರುವ್ರಿ."

ಎಂಜಿನ್ ಹತ್ತಿಕೊಂಡಿತು. ಒಂದೆರಡು ಸಲ ಕೆಮ್ಮಿ ಸಮನಾಯಿತು. ಗಾಡಿ ಏರು ಹತ್ತಿ ಸೇತುವೆ ದಾಟಿತು.

ಆಸ್ಪತ್ರೆಯಲ್ಲಿ ಪಾರವ್ವನಿಗೆ ಔಷಧಿ ಏರಿಸಿದರು. ಯಂತ್ರದಿಂದ ಉಸಿರು ಕೊಟ್ಟರು. ಅವಳು ಬದುಕಿದಳು.

ಆಶ್ರಮಕ್ಕೆ ಮರಳಿದ ಕಲ್ಮೇಶ ಯಾರಾದರೂ ಹೇಳಲಿ ಎಂದು ಕಾಯಲಿಲ್ಲ. ಬೇವಿನ ಮರದ ಕೆಳಗೆ ಎಂಜಿನ್ನಿನ ಮೇಲಿನ ಮುಚ್ಚಳವನ್ನು ಬಿಚ್ಚಿದ.

ಪ್ರತಿಯೊಂದು ಕುಳಿಯ ಬಾಯಿಗೂ ಬಳೆಯಂಥ ರಬ್ಬರ್ ಸೀಲ್ ಇತ್ತು. ಕಾದು ಕಾದು ಎಲ್ಲವೂ ಕಲ್ಲಿನಂತಾಗಿದ್ದವು. ಹಿಂದಿನದು ಬೆರಳು ತಾಗಿದ ಕೂಡಲೇ ಚೂರಾಯಿತು. ಏರು ಹತ್ತುವಾಗ ಗಾಡಿಯ ಮೂತಿ ಮೇಲಾಗಿ, ಮುಚ್ಚಳದೊಳಗಿನ ಎಣ್ಣೆ ಹಿಂದಕ್ಕೆ ಹರಿದು ಆ ಬಿರುಕಿನಿಂದ ಕುಳಿಗೆ ಇಳಿಯುತ್ತಿತ್ತು. ಮುಚ್ಚಳದ ಅಂಚಿನ ರಬ್ಬರ್ ಪ್ಯಾಕಿಂಗ್ ಕೂಡ ಸತ್ತಿತ್ತು. ಅಲ್ಲಿಂದ ಸೋರಿದ ಎಣ್ಣೆ ಕೆಳಗಿನ ಕಾದ ಹೊಗೆ ಕೊಳವೆಯ ಮೇಲೆ ಬಿದ್ದು ಸುಡುತ್ತಿತ್ತು.

ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಕಲ್ಮೇಶ ನಕ್ಕ. ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು.

ಪೇಟೆಯಿಂದ ಹೊಸ ಸೀಲು, ಹೊಸ ಪ್ಯಾಕಿಂಗ್, ಹೊಸ ಕ್ಯಾಪು ತಂದ. ಕುಳಿಗಳನ್ನು ಒಣಗಿಸಿದ. ಅಂಚುಗಳ ಜಿಡ್ಡು ಕೆರೆದು ಎಲ್ಲವನ್ನೂ ಕೂರಿಸಿದ. ಮುಚ್ಚಳದ ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಹದವಾಗಿ ಬಿಗಿದ.

ಆಮೇಲೆ ಎಷ್ಟೋ ಸಲ ಏರು ಹತ್ತಿದ. ಕೆಮ್ಮು ಬರಲಿಲ್ಲ. ವಾಸನೆ ಬರಲಿಲ್ಲ. ಕುಳಿಗಳು ಒಣಗಿಯೇ ಇದ್ದವು.

ಪಾರವ್ವ ಗುಣವಾಗಿ ಬಂದು ಅವ್ವಾರ ಕಾಲಿಗೆ ನಮಸ್ಕಾರ ಮಾಡಿದಳು.

"ಕಣ್ಣು ತೆರಿಯಾಕ ಆಗಲಿಲ್ರಿ ನನಗ. ಮಾತಾಡಾಕೂ ಆಗಲಿಲ್ಲ. ಆದ್ರ ಎಲ್ಲಾ ಗೊತ್ತಾಗತಿತ್ತು. ಏರಿನ್ಯಾಗ ಗಾಡಿ ನಿಂತಾಗ ಜೀವ ಹೋದಂಗಾತು. ಆಗ ನೀವು ಹಿಂದ ಬಂದು ನನ್ನ ಕೈ ಹಿಡಿದ್ರಿ. ದವಾಖಾನಿ ಬರೂತನಕ ಬಿಡಲಿಲ್ಲ. ಅದರಿಂದನ ನಾ ಉಳಿದೆ."

ಅವ್ವಾರು ಅವಳ ತಲೆಯ ಮೇಲೆ ಕೈಯಿಟ್ಟರು. ಹೌದೆನ್ನಲಿಲ್ಲ. ಅಲ್ಲವೆನ್ನಲಿಲ್ಲ.

ಕಲ್ಮೇಶ ಬಾಗಿಲ ಬಳಿ ನಿಂತು ಕೇಳುತ್ತಿದ್ದ. ಅವನ ಮುಖ ಬಿಳುಪೇರಿತು.

ಪಾರವ್ವ ಹೋದ ಮೇಲೆ ಅವನು ಅವ್ವಾರ ಮುಂದೆ ಬಂದು ಕೂತ.

"ಅವ್ವಾರ, ನೀವು ಮುಂದಿನ ಸೀಟು ಬಿಟ್ಟು ಏಳಲಿಲ್ಲ."

"ಇಲ್ಲ."

"ಹಿಂದ ಯಾರೂ ಹತ್ತಲಿಲ್ಲ."

"ಹತ್ತಲಿಲ್ಲ."

"ಎಣ್ಣಿ ಎಲ್ಲಿಂದ ಬಂತು ಅಂತ ಕಣ್ಣಾರೆ ನೋಡೀನಿ. ಬೆಳಕು ಏನಂತ ಗೊತ್ತಾತು. ವಾಸನಿ ಏನಂತನೂ ಗೊತ್ತಾತು. ಗೊತ್ತಾಗದ್ದು ಒಂದೂ ಉಳೀಲಿಲ್ಲ ಅಂದ್ಕೊಂಡಿದ್ದೆ." ಅವನ ದನಿ ಇಳಿಯಿತು. "ಆ ಕೈ ಯಾರದ್ರಿ?"

ಹೊರಗೆ ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ಅವ್ವಾರು ಅದರ ಕಡೆ ಸ್ವಲ್ಪ ಹೊತ್ತು ನೋಡಿದರು.

"ಸೋರೂದನ್ನ ಹುಡುಕಿ ಬಂದ್ ಮಾಡು, ಕಲ್ಮೇಶಾ," ಎಂದರು. "ಕುಂತವರನ್ನ ಕುಂದರಾಕ ಬಿಡು."